ಹಲಗಲಿಯ ಲಾವಣಿಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕು?

ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ‘ಹಲಗಲಿ ಬೇಡರು’ ಲಾವಣಿ ಸ್ಥಾನ ಪಡೆದದ್ದು ಶ್ಲಾಘನೀಯ. ಆದರೆ ಅದನ್ನು ಓದಿ ಪದವಿ ತರಗತಿಗೆ ಬಂದವರನ್ನು ‘ಬೇಡರು ದಂಗೆಯೆದ್ದುದು ಏಕೆ?’ ಎಂದು ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ‘ದೇಶಭಕ್ತಿಯಿಂದ’. ಪರೀಕ್ಷೆಗೆ ಈ ಉತ್ತರ ಸಾಕು, ಇತಿಹಾಸಕ್ಕೆ ಸಾಲದು.

1857ರಲ್ಲಿ ಕಂಪನಿ ಸರ್ಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ಪರವಾನಗಿಯಿಲ್ಲದೆ ಆಯುಧವಿರಿಸಿಕೊಳ್ಳುವುದು ಅಪರಾಧವಾಯಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮಾನ. ನಿನ್ನೆಯವರೆಗಿನ ಬದುಕು ಇಂದು ಅಪರಾಧವೆನಿಸಿದಾಗ ಅವರು ಒಪ್ಪಲಿಲ್ಲ. ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಲಾವಣಿಕಾರನು ಇದನ್ನೆಲ್ಲ ಬಲ್ಲವನು. ಜಡಗ, ಬಾಲ, ಹನುಮ, ರಾಮರ ಶೌರ್ಯವನ್ನು ಹಾಡಿದಷ್ಟೇ ನಿಷ್ಠೆಯಿಂದ ಅವನು ಲೂಟಿಯಾದ ವಸ್ತುಗಳನ್ನೂ ಎಣಿಸುತ್ತಾನೆ. ಕೊಡಲಿ ಹೋಯಿತು, ಅಡುಗೆಮನೆಯ ಉಪ್ಪು ಎಣ್ಣೆ ಹೋದವು, ಹೆಂಗಸರ ತಾಳಿ ಹೋಯಿತು, ಕಡೆಗೆ ಬೀಸುವ ಕಲ್ಲೂ ಉಳಿಯಲಿಲ್ಲ. ಬೀಸುವ ಕಲ್ಲು ಯಾವ ಕಾಯಿದೆಯ ಪ್ರಕಾರ ಆಯುಧ? ಈ ಒಂದು ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ವಸಾಹತುಶಾಹಿ ಎಂಬ ಭಾರವಾದ ಪದವನ್ನು ವಿವರಿಸುವ ಶ್ರಮ ಅರ್ಧ ಕಡಿಮೆಯಾಗುತ್ತದೆ. ನಾವಾದರೋ ಆ ಸಾಲುಗಳಿಗೆ ಪದಾರ್ಥ ಬರೆಸಿ ಮುಂದೆ ಸಾಗುತ್ತೇವೆ.

ಇನ್ನೊಂದು ಸಂಗತಿ. ಇಂಥ ಕನ್ನಡ ಲಾವಣಿಗಳನ್ನು ಮೊದಲು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದವರು ಜೆ.ಎಫ್. ಫ್ಲೀಟ್, ಶಾಸನಾಭ್ಯಾಸಿಗಳಿಗೆ ಚಿರಪರಿಚಿತರಾದ ಅದೇ ಬ್ರಿಟಿಷ್ ಅಧಿಕಾರಿ. ಆಳಿದವರು ಸುಟ್ಟದ್ದೂ ನಿಜ, ಅವರಲ್ಲೊಬ್ಬರು ಹಾಡನ್ನು ಕಾಪಿಟ್ಟದ್ದೂ ನಿಜ. ಹದಿನೈದರ ಹರೆಯದವರಿಗೆ ಈ ತೊಡಕು ಅರ್ಥವಾಗದೆಂದು ಭಾವಿಸುವುದು ಅವರನ್ನು ಕೀಳಂದಾಜು ಮಾಡಿದಂತೆ.

1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆಯಿತು. ಆ ಪಟ್ಟಿಯಿಂದ ಅವು ಬಿಡುಗಡೆಗೊಂಡದ್ದು 1952ರಲ್ಲಿ. ಲಾವಣಿಯ ಪಾಠದೊಡನೆ ಇದನ್ನೂ ಹೇಳಬೇಕು. ಅದಕ್ಕಾಗಿ ಕನ್ನಡದ ಶಿಕ್ಷಕರೂ ಸಮಾಜವಿಜ್ಞಾನದ ಶಿಕ್ಷಕರೂ ಎರಡು ಅವಧಿಗಳನ್ನು ಒಟ್ಟಿಗೆ ತೆಗೆದುಕೊಳ್ಳಲಿ. ಬೇಡ ಸಮುದಾಯದ ಮಕ್ಕಳು ಅದೇ ಬೆಂಚಿನಲ್ಲಿ ಕುಳಿತಿರಬಹುದು. ಅವರ ಮನೆಯ ಹಿರಿಯರನ್ನು ಒಂದು ದಿನ ಶಾಲೆಗೆ ಕರೆಯಿಸಿ ಹಾಡಿಸಲು ಸುತ್ತೋಲೆಯೇನೂ ಬೇಕಿಲ್ಲ.