ಸೈಕಲ್ಲಿನವನಿಗೆ ರಸ್ತೆಯಲ್ಲಿ ಪಾಲೆಷ್ಟು?

ಜೂನ್ 3 ಬಂತೆಂದರೆ ನಮ್ಮ ಜಿಲ್ಲಾ ಕೇಂದ್ರಗಳ ದೊಡ್ಡ ಮನುಷ್ಯರಿಗೆ ಸೈಕಲ್ಲಿನ ನೆನಪಾಗುತ್ತದೆ. ವಿಶ್ವಸಂಸ್ಥೆಯು 2018ರಲ್ಲಿ ಆ ದಿನವನ್ನು ವಿಶ್ವ ಸೈಕಲ್ ದಿನವೆಂದು ಸಾರಿತು. ಅಂದು ಬೆಳಗ್ಗೆ ಬಿಳಿ ಟೋಪಿ, ಬಿಳಿ ಅಂಗಿ ತೊಟ್ಟ ಸಾಹೇಬರು ಸರ್ಕಲ್ಲಿನಿಂದ ಸ್ಟೇಡಿಯಮ್ಮಿನವರೆಗೆ ಸೈಕಲ್ಲು ತುಳಿಯುವರು. ಹಿಂದಿನಿಂದ ಅವರ ಜೀಪುಗಳು ಮೆಲ್ಲನೆ ಬರುವವು. ಆರೋಗ್ಯದ ಬಗ್ಗೆ, ಪರಿಸರದ ಬಗ್ಗೆ ಭಾಷಣವಾಗುವುದು, ಬಾಳೆಹಣ್ಣು ಹಂಚುವರು, ಸಾಹೇಬರು ಜೀಪು ಹತ್ತಿ ಮನೆಗೆ ತೆರಳುವರು. ಒಂದು ದಿನವಾದರೂ ಅವರು ಸೈಕಲ್ಲು ಹತ್ತಿದ್ದು ಒಳ್ಳೆಯದೇ ಆಯಿತು, ಬೇಡವೆನ್ನಲು ನಾವಾರು? ಆದರೆ ಅದೇ ರಸ್ತೆಯಲ್ಲಿ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಹೊಟ್ಟೆಪಾಡಿಗಾಗಿ ತುಳಿಯುವವನ ಬಗ್ಗೆ ಆ ಭಾಷಣಗಳಲ್ಲಿ ಒಂದು ಮಾತೂ ಇರುವುದಿಲ್ಲವಲ್ಲ, ಇದು ಏತಕ್ಕೆ ಎಂದು ನಾವು ಕೇಳುತ್ತೇವೆ.

ಇನ್ನೊಂದು ಸಂಗತಿಯನ್ನೂ ವಾಚಕರು ನೆನಪಿಡಬೇಕು. 2020ರ ಇದೇ ಜೂನ್ 3ರಂದು ಉತ್ತರ ಪ್ರದೇಶದ ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರಖಾನೆಯ ಕಾರ್ಮಿಕರು ಕೆಲಸಕ್ಕೆ ಬಂದಾಗ ಗೇಟಿನ ಮೇಲೆ ಲೇ-ಆಫ್ ನೋಟೀಸು ಅಂಟಿತ್ತು. ನಡೆಸಲು ಹಣವಿಲ್ಲ, ಕೆಲಸವಿಲ್ಲ ಎಂದು ಅದರ ಸಾರಾಂಶ. 1951ರಿಂದ ದೇಶಕ್ಕೆ ಸೈಕಲ್ಲು ಕೊಟ್ಟ ಕಂಪನಿಯ ಕೊನೆಯ ಕಾರಖಾನೆ ಅದು. ನೂರಾರು ಸಂಸಾರಗಳು ಬೀದಿಗೆ ಬಿದ್ದುವು. ಸೈಕಲ್ಲಿಗೆ ಹೂಮಾಲೆ ಹಾಕುವ ದಿನವೇ ಸೈಕಲ್ಲು ಮಾಡುವವನಿಗೆ ಬಾಗಿಲು ಹಾಕಿದರು.

ಈ ದೇಶದಲ್ಲಿ ಸೈಕಲ್ಲು ಯಾರ ವಾಹನ? 2011ರ ಜನಗಣತಿಯಲ್ಲಿ ಸರಕಾರವು ಒಕ್ಕಲುತನ, ಮನೆಗೆಲಸದ ಕೈಗಾರಿಕೆ ಬಿಟ್ಟು ಉಳಿದ ದುಡಿಮೆಯವರನ್ನು, ನೀವು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿತು. ಅಂಥವರು ಸುಮಾರು 20 ಕೋಟಿ. ಅದರಲ್ಲಿ ನಾಲ್ಕೂವರೆ ಕೋಟಿ ಜನ ನಡೆದು ಹೋಗುವವರು, ಸುಮಾರು 2 ಕೋಟಿ 60 ಲಕ್ಷ ಜನ ಸೈಕಲ್ಲಿನವರು. ಸ್ಕೂಟರು, ಮೋಟಾರು ಸೈಕಲ್ಲಿನವರು ಅಂದು ಇವರಿಗಿಂತ ಒಂದಿಷ್ಟು ಕಡಿಮೆಯೇ ಇದ್ದರು. ನೂರು ಮನೆಗಳಲ್ಲಿ ಹತ್ತಿರ ಹತ್ತಿರ 45ರಲ್ಲಿ ಸೈಕಲ್ಲು ಇತ್ತು, ಕಾರು 5ರಲ್ಲೂ ಇರಲಿಲ್ಲ. ಆಮೇಲೆ ಕಂತಿನ ಸಾಲದ ಮೋಟಾರು ಸೈಕಲ್ಲು ಬಹಳ ಹೆಚ್ಚಿತು, ನಿಜ. 2021ರಲ್ಲಿ ಆಗಬೇಕಾಗಿದ್ದ ಗಣತಿಯೇ ಆಗಲಿಲ್ಲವಾದ ಕಾರಣ ನಮ್ಮನ್ನು ಎಣಿಸುವವರೂ ಇಲ್ಲವಾದರು. ಎಣಿಸದಿದ್ದರೆ ನಾವು ಇಲ್ಲವೆಂದು ಅರ್ಥವೇ? ಬೆಳಗಿನ ಐದೂವರೆಗೆ ಯಾವುದಾದರೂ ಸ್ಪಿನ್ನಿಂಗ್ ಮಿಲ್ಲಿನ, ಅಕ್ಕಿ ಗಿರಣಿಯ ಗೇಟಿನ ಮುಂದೆ ನಿಂತು ನೋಡಿದರೆ ಲೆಕ್ಕ ಸಿಕ್ಕೀತು.

ಆ ಮನುಷ್ಯನ ದಿನ ಹೇಗಿರುತ್ತದೆ? ಮೊದಲ ಪಾಳಿಯವನು ಕತ್ತಲಲ್ಲೇ ಎದ್ದು ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಗಾಳಿ ಇದ್ದರೆ ಆ ದಿನ ಅರ್ಧ ಗೆದ್ದಂತೆ. ಬುತ್ತಿ ಡಬ್ಬಿ ಹ್ಯಾಂಡಲ್ಲಿಗೆ, ಟವಲು ಕ್ಯಾರಿಯರ್‌ಗೆ. ಊರೊಳಗೆ ನಾಯಿಗಳ ಕಾಟ, ಊರು ದಾಟಿದರೆ ಲಾರಿಗಳ ಕಾಟ. ಡಾಂಬರಿನ ಅಂಚು ಒಂದು ಗೇಣು ಎತ್ತರ, ಕೆಳಗೆ ಜಲ್ಲಿ. ಹಿಂದಿನಿಂದ ಟಿಪ್ಪರಿನವನು ಹಾರನ್ನು ಒತ್ತಿದೊಡನೆ ಆ ಅಂಚಿನಿಂದ ಜಲ್ಲಿಗೆ ಇಳಿಯಬೇಕು. ಇಳಿದರೆ ಗಾಲಿ ಜಾರುವುದು, ಇಳಿಯದಿದ್ದರೆ ಪ್ರಾಣ ಜಾರುವುದು. ಎದುರು ಬರುವ ಕಾರಿನವನು ದೊಡ್ಡ ದೀಪವನ್ನು ತಗ್ಗಿಸುವ ಗೋಜಿಗೆ ಹೋಗುವುದಿಲ್ಲ. ಹತ್ತು ಮಾರು ದೂರ ಕಣ್ಣು ಕಾಣದೆ ತುಳಿಯಬೇಕು. ಮೂರು ನಿಮಿಷ ತಡವಾದರೆ ಗೇಟಿನಲ್ಲಿ ಟೈಂ ಕೀಪರನ ಮುಖ ನೋಡಬೇಕು. ಎರಡನೆಯ ಪಾಳಿಯವನ ಗತಿ ಇನ್ನೂ ಕಷ್ಟ. ಎಂಟು ತಾಸು ನಿಂತು ದುಡಿದ ಕಾಲಿನಲ್ಲೇ ರಾತ್ರಿ ಹತ್ತರ ಮೇಲೆ ಅದೇ ದಾರಿ ಹಿಡಿಯಬೇಕು, ಅಷ್ಟು ಹೊತ್ತಿಗೆ ಪಂಕ್ಚರ್ ಅಂಗಡಿಯವನೂ ಮಲಗಿರುತ್ತಾನೆ.

ಇಷ್ಟಾದರೂ ಅವನು ಸೈಕಲ್ಲು ಬಿಡುವುದಿಲ್ಲ. ಬರಿಯ ಬಡತನವೇ ಇದಕ್ಕೆ ಕಾರಣ ಎಂದು ತಿಳಿಯುವವರು ಸೈಕಲ್ಲು ತುಳಿದವರಲ್ಲ. ನಾವೂ ತುಳಿಯುವವರೇ, ಈ ಪತ್ರಿಕೆಯ ಕಟ್ಟುಗಳು ಅಂಚೆ ಕಚೇರಿಗೆ ಹೋಗುವುದೂ ಕ್ಯಾರಿಯರಿನ ಮೇಲೆಯೇ. ಚೈನಿಗೆ ಎಣ್ಣೆ ಬಿಟ್ಟು, ಕಡ್ಡಿಗಳನ್ನು ಬಿಗಿ ಮಾಡಿಸಿ, ಇಳಿಜಾರಿನಲ್ಲಿ ಪೆಡಲು ನಿಲ್ಲಿಸಿ ಹೋಗುವಾಗ ಆಗುವ ಸುಖ ಯಾವ ಸಾಹುಕಾರನ ಕಾರಿನಲ್ಲೂ ಇಲ್ಲವೆಂದು ಪಂಥ ಕಟ್ಟಿ ಹೇಳಬಲ್ಲೆವು. ಹಣದ ಲೆಕ್ಕವೂ ಉಂಟು. ಮಿಲ್ಲು ಎಂಟು ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲು ಹದಿನಾರು, ತಿಂಗಳಿಗೆ 26 ಪಾಳಿಗೆ 416 ಕಿಲೋಮೀಟರ್. ಲೀಟರಿಗೆ 50 ಕೊಡುವ ಮೋಟಾರು ಸೈಕಲ್ಲಿಗೆ ಎಂಟು ಲೀಟರಿನ ಮೇಲೆ ಪೆಟ್ರೋಲು ಬೇಕು. ನಮ್ಮ ರಾಜ್ಯದಲ್ಲಿ ಲೀಟರಿನ ಬೆಲೆ ನೂರು ದಾಟಿ ವರ್ಷಗಳಾದುವು. ತಿಂಗಳಿಗೆ ಎಂಟು ನೂರಕ್ಕೂ ಮೇಲ್ಪಟ್ಟು ಸುಟ್ಟು ಹೊಗೆಯಾಗುವ ಹಣ ಸೈಕಲ್ಲಿನವನ ಮನೆಯಲ್ಲಿ ಮಗುವಿನ ಪುಸ್ತಕವಾಗುತ್ತದೆ, ಹಾಲಾಗುತ್ತದೆ.

ಕೆಲವು ಮಹನೀಯರು ಹೇಳುವರು: ಸೈಕಲ್ಲಿನ ಕಾಲ ಮುಗಿಯಿತು, ಅದು ಸಂಚಾರಕ್ಕೆ ಅಡ್ಡಿ. ಇದು ಬಾಯಿಮಾತಿನಲ್ಲೇ ಉಳಿದಿಲ್ಲ. ಕಲ್ಕತ್ತೆಯಲ್ಲಿ 2013ರಲ್ಲಿ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. ಹಾಲಿನವನು, ಪೇಪರಿನವನು, ಮನೆಮನೆಗೆ ಸಾಮಾನು ಹೊರುವವನು ದಂಡ ಕಟ್ಟಿದರು. ನಮ್ಮಲ್ಲಿಯೇ ಬೆಂಗಳೂರು-ಮೈಸೂರು ಹೆದ್ದಾರಿಯ ನಡುವಣ ವೇಗದ ರಸ್ತೆಗೆ 2023ರ ಆಗಸ್ಟ್ 1ರಿಂದ ಮೋಟಾರು ಸೈಕಲ್ಲು, ಆಟೋ, ಟ್ರ್ಯಾಕ್ಟರುಗಳೊಡನೆ ಸೈಕಲ್ಲು, ಗಾಡಿಗಳಿಗೂ ಬಾಗಿಲು ಮುಚ್ಚಿತು. ವೇಗದ ವಾಹನಗಳ ನಡುವೆ ಇವು ಅಪಾಯ ಎಂಬುದು ಅವರು ಕೊಟ್ಟ ಕಾರಣ. ಆ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ನೂರರ ವೇಗದ ನಡುವೆ ಸೈಕಲ್ಲು ತುಳಿಯಬೇಕೆಂಬ ಹುಚ್ಚು ನಮಗಿಲ್ಲ. ಆದರೆ ರಸ್ತೆಗೆ ನೆಲ ಬಿಟ್ಟುಕೊಟ್ಟ ರೈತನೂ ಅದರ ಮೇಲೆ ಹೋಗಲಾರ, ಪಕ್ಕದ ಹಳ್ಳಿಯಿಂದ ಕಾರಖಾನೆಗೆ ಹೋಗುವವನೂ ಹೋಗಲಾರ ಎಂದ ಮೇಲೆ, ಅವರಿಗಾಗಿ ಉಳಿದ ಪಕ್ಕದ ರಸ್ತೆಯನ್ನಾದರೂ ದೀಪ ಹಾಕಿ, ಗುಂಡಿ ಮುಚ್ಚಿ, ನಿಂತ ಲಾರಿಗಳನ್ನು ಎಬ್ಬಿಸಿ ಕೊಡಬೇಡವೇ?

ಇನ್ನು ಊರೊಳಗಿನ ಅಡ್ಡಿಯ ಮಾತು. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲು ನಿಲ್ಲುತ್ತವೆ. ಮಾರುಕಟ್ಟೆಯ ರಸ್ತೆಯಲ್ಲಿ ಎರಡೂ ಬದಿಗೆ ಕಾರು ನಿಂತು, ನಡುವೆ ಉಳಿದ ಓಣಿಯಲ್ಲಿ ಬಸ್ಸು, ಆಟೋ, ಕೈಗಾಡಿ, ಸೈಕಲ್ಲು ಎಲ್ಲವೂ ಸಿಕ್ಕಿಕೊಂಡು ಕೂಗಾಡುತ್ತಿರುವಾಗ, ಅಡ್ಡಿ ಮಾಡಿದವನು ಸೈಕಲ್ಲಿನವನು ಎಂಬ ತೀರ್ಪು ಬರುತ್ತದೆ! ನಿಂತ ಕಾರಿಗೆ ಬಾಡಿಗೆ ಇಲ್ಲ, ಹೋಗುತ್ತಿರುವ ಸೈಕಲ್ಲಿಗೆ ಬೈಗುಳ.

ತೆರಿಗೆಯ ನ್ಯಾಯ ನೋಡಿ. ಹಿಂದೆ ಪುರಸಭೆಗಳು ಸೈಕಲ್ಲಿಗೆ ವರ್ಷದ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದುವು. ಬಿಲ್ಲೆ ಇಲ್ಲದವನನ್ನು, ದೀಪವಿಲ್ಲದವನನ್ನು, ಡಬಲ್ ಹೋಗುವವನನ್ನು ಹಿಡಿಯಲು ಮೂಲೆಯಲ್ಲಿ ಪೊಲೀಸನು ನಿಂತಿರುತ್ತಿದ್ದನು. ಆ ಬಿಲ್ಲೆಯ ಕಾಟ ಹೋಯಿತೆಂದು ಹಿರಿಯರು ನಿಟ್ಟುಸಿರು ಬಿಟ್ಟರೆ, 2017ರಲ್ಲಿ ಜಿ.ಎಸ್.ಟಿ. ಬಂದು ಸೈಕಲ್ಲಿನ ಮೇಲೆ ನೂರಕ್ಕೆ 12 ಕೂತಿತು. ಐದು ಸಾವಿರದ ಸೈಕಲ್ಲಿಗೆ ಆರು ನೂರು ರೂಪಾಯಿ. 2019ರ ಆಗಸ್ಟಿನಲ್ಲಿ ವಿದ್ಯುತ್ ಕಾರಿನ ತೆರಿಗೆಯನ್ನು 12ರಿಂದ 5ಕ್ಕೆ ಇಳಿಸಿದರು, ಹೊಗೆ ಇಲ್ಲದ ವಾಹನಕ್ಕೆ ಉತ್ತೇಜನ ಎಂದರು. ಹೊಗೆ ಎಂಬುದನ್ನೇ ಅರಿಯದ ಸೈಕಲ್ಲಿಗೆ 2025ರ ಸೆಪ್ಟೆಂಬರ್ 22ರವರೆಗೆ 12 ಹಾಗೆಯೇ ಉಳಿಯಿತು. ಆರು ವರ್ಷಗಳ ಕಾಲ ಲಕ್ಷಗಟ್ಟಲೆಯ ಕಾರು ಕೊಳ್ಳುವವನಿಗಿಂತ ಐದು ಸಾವಿರದ ಸೈಕಲ್ಲು ಕೊಳ್ಳುವವನು ಹೆಚ್ಚಿನ ದರದಲ್ಲಿ ತೆರಿಗೆ ಕೊಟ್ಟನು. ಈಗ ಸೈಕಲ್ಲಿಗೂ 5 ಆಗಿದೆ, ಅಷ್ಟರ ಮಟ್ಟಿಗೆ ಸರಿ. ಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ.

ಇಲ್ಲಿ ವ್ಯಾಪಾರಿ ಬಂಧುಗಳೊಡನೆ ಎರಡು ಮಾತು. ಅಂಗಡಿಯ ಮುಂದೆ ಕಾರು ನಿಲ್ಲಲು ಬಿಡದಿದ್ದರೆ ಗಿರಾಕಿ ಹೋದಾನು ಎಂಬ ಅಳುಕು ನಿಮ್ಮಲ್ಲಿ ಇದೆ. ಒಂದು ವಾರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎಣಿಸಿ ನೋಡಿ. ನಿಮ್ಮ ಬಾಗಿಲಿಗೆ ಅಡ್ಡ ನಿಂತ ಕಾರಿನವನು ಬ್ಯಾಂಕಿಗೆ ಹೋಗಿರುತ್ತಾನೆ, ಡಾಕ್ಟರ ಬಳಿ ಹೋಗಿರುತ್ತಾನೆ. ಎರಡು ತಾಸು ನಿಮ್ಮ ಬೋರ್ಡು ಕಾಣದಂತೆ ಮಾಡಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳದೆ ಹೋಗುತ್ತಾನೆ. ಅವನ ಮನೆಯ ದಿನಸಿ ಫೋನು ಒತ್ತಿದರೆ ಬಾಗಿಲಿಗೆ ಬರುತ್ತದೆ. ಪಾಳಿ ಬಿಟ್ಟು ಸೈಕಲ್ಲಿನಲ್ಲಿ ಬರುವವನು ದಿನವೂ ಬರುವವನು. ಅರ್ಧ ಸೇರು ಬೇಳೆ, ಕಾಲು ಕಿಲೋ ಸಕ್ಕರೆ, ಸಾಬೂನು, ಬೀಡಿ ಕೊಳ್ಳುವವನು ಅವನು, ವರ್ತನೆಯ ಪುಸ್ತಕದಲ್ಲಿ ಹೆಸರಿರುವವನೂ ಅವನೇ. ಒಂದು ಕಾಲನ್ನು ನೆಲಕ್ಕೆ ಊರಿ, ಸೀಟಿನಿಂದ ಇಳಿಯದೆಯೇ ವ್ಯಾಪಾರ ಮುಗಿಸಿ ಹೋಗುವವನನ್ನು ಕಳೆದುಕೊಂಡು ನಿಮ್ಮ ಅಂಗಡಿ ಉಳಿಯುವುದು ಹೇಗೆ? ಮೇಲಾಗಿ ನಿಮ್ಮ ಸರಕೇ, ಬ್ರೆಡ್ಡಾಗಲಿ, ಹೂವಾಗಲಿ, ಸೋಡಾ ಬಾಟಲಿಯಾಗಲಿ, ಎಷ್ಟೋ ಕಡೆ ಸೈಕಲ್ಲಿನ ಮೇಲೆಯೇ ಬರುತ್ತದೆ.

ಗೇರು ಸೈಕಲ್ಲಿನ, ಹೆಲ್ಮೆಟ್ಟಿನ ಹೊಸ ಉತ್ಸಾಹಿಗಳನ್ನು ಕಂಡು ನಮ್ಮ ಕೆಲವು ಗೆಳೆಯರು ಮೂಗು ಮುರಿಯುವರು, ಇವರದು ಶೋಕಿ ಎನ್ನುವರು. ನಮ್ಮ ಮತ ಬೇರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1894ರಲ್ಲಿ ‘ಕ್ಲಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯ ಓದುಗರು ಸೈಕಲ್ ಸಂಘ ಕಟ್ಟಿದರು. ರಜೆಯ ದಿನ ಸೈಕಲ್ಲಿನಲ್ಲಿ ಹಳ್ಳಿಗಳಿಗೆ ಹೋಗಿ ಪತ್ರಿಕೆ ಹಂಚಿದರು. ಜರ್ಮನಿಯಲ್ಲಿ 1896ರಲ್ಲಿ ‘ಸಾಲಿಡಾರಿಟೆಟ್’ ಎಂಬ ಕಾರ್ಮಿಕರ ಸೈಕಲ್ ಸಂಘ ಹುಟ್ಟಿತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ಅದನ್ನು ಮುಚ್ಚಿಸಿದರು. ಸೈಕಲ್ಲು ತುಳಿಯುವ ಕೂಲಿಗಾರರಿಗೆ ಹೆದರಿದವರೂ ಇದ್ದರು ಎಂದಾಯಿತು. ಸಂತೋಷಕ್ಕೆ ತುಳಿಯುವವನೂ ಕೆಲಸಕ್ಕೆ ತುಳಿಯುವವನೂ ಒಂದೇ ಗುಂಡಿಗೆ ಬೀಳುವವರು. ಹಿಂದಿನಿಂದ ಬರುವ ಲಾರಿಯು ಗೇರು ಎಷ್ಟೆಂದು ಎಣಿಸಿ ಹೊಡೆಯುವುದಿಲ್ಲ. ಈ ಗೆಳೆಯರಿಗೆ ಅಧಿಕಾರಿಗಳ ಕೋಣೆಯ ಬಾಗಿಲು ನಮಗಿಂತ ಬೇಗ ತೆರೆಯುತ್ತದೆ. ಮುಂದಿನ ಸಲ ಆ ಬಾಗಿಲಲ್ಲಿ ಅವರು ಮಿಲ್ಲಿನ ರಸ್ತೆಯ ಹೆಸರನ್ನೂ ಹೇಳಲಿ ಎಂದಷ್ಟೇ ನಮ್ಮ ಬೇಡಿಕೆ.

ಸರಕಾರಕ್ಕೆ ತಿಳಿವಳಿಕೆ ಇಲ್ಲವೆಂದಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿಯೇ ರಸ್ತೆಯು ಜನರನ್ನು ಸಾಗಿಸಲು ಇರುವುದು, ವಾಹನಗಳನ್ನು ಸಾಗಿಸಲು ಅಲ್ಲ ಎಂಬ ತತ್ವವನ್ನು ಒಪ್ಪಿಯಾಗಿದೆ. ಅದೇ ಕಾಲಕ್ಕೆ, 2006-07ರಲ್ಲಿ, ನಮ್ಮ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲು ತೊಡಗಿತು. ಮೊದಲು ಸೈಕಲ್ಲು ಪಡೆದ ಮಕ್ಕಳು ಇಂದು ದುಡಿಯುವ ಗಂಡಸರು, ಹೆಂಗಸರು. ಸೈಕಲ್ಲು ಕೊಟ್ಟವರು ರಸ್ತೆ ಕೊಡಲಿಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂದು ಸಾರ್ವಜನಿಕ ಬಾಡಿಗೆ ಸೈಕಲ್ಲು ಬಂತು, ಮೆಚ್ಚಬೇಕಾದುದೇ. ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಸೈಕಲ್ಲಿನ ಹಾದಿಗೆ ಬಣ್ಣ ಬಳಿದರು. ಬಣ್ಣ ಆರುವ ಮೊದಲೇ ಅದರ ಮೇಲೆ ಕಾರು ನಿಂತವು. ಹಾಲೆಂಡಿನ ಮಾತು ಎತ್ತಿದರೆ ಅದು ಶ್ರೀಮಂತ ದೇಶ ಎನ್ನುವರು. ಅಲ್ಲಿಯೂ 1971ರಲ್ಲಿ ಮೂರು ಸಾವಿರದ ಮೇಲೆ ಜನ ರಸ್ತೆಯಲ್ಲಿ ಸತ್ತರು, ಅದರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಯರು ಬೀದಿಗಿಳಿದು ಕೂತ ಮೇಲೆ ಸೈಕಲ್ಲಿಗೆ ದಾರಿಯಾಯಿತು.

ಕಾರ್ಮಿಕ ಬಂಧುಗಳು ಒಂದು ಕಾನೂನನ್ನು ತಿಳಿದಿರಬೇಕು, ಏಕೆಂದರೆ ಮಾಲೀಕರು ಇದನ್ನು ಬೋರ್ಡಿನ ಮೇಲೆ ಬರೆದು ಹಾಕುವುದಿಲ್ಲ. 2010ರಲ್ಲಿ ಇ.ಎಸ್.ಐ. ಕಾನೂನಿಗೆ ಆದ ತಿದ್ದುಪಡಿಯ ಪ್ರಕಾರ ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಮರಳುವಾಗ ಆದ ಅಪಘಾತವೂ, ಹೊತ್ತು, ಸ್ಥಳ, ಸಂದರ್ಭ ಕೆಲಸಕ್ಕೆ ತಾಳೆಯಾದರೆ, ಕೆಲಸದಲ್ಲೇ ಆದ ಗಾಯವೆಂದು ಲೆಕ್ಕ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತನ್ನು ಉಳಿಸಿಕೊಂಡಿದ್ದಾರೆ. ಗುರುತು ಸಿಗದ ವಾಹನ ಹೊಡೆದು ಓಡಿದರೆ 2022ರ ಏಪ್ರಿಲ್ 1ರಿಂದ ಸತ್ತವನ ಮನೆಯವರಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಪರಿಹಾರವಿದೆ. ಮೊದಲು 25 ಸಾವಿರ, ಹನ್ನೆರಡೂವರೆ ಸಾವಿರ ಇತ್ತು. ಬಿದ್ದವನನ್ನು ಎತ್ತಿ ಮನೆಗೆ ಒಯ್ದು ಅರಿಸಿನ ಹಚ್ಚಿ ಸುಮ್ಮನಾಗಬೇಡಿ. ಠಾಣೆಯಲ್ಲಿ ಬರೆಸಿ, ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಿ, ಹೊರಟ ಹೊತ್ತನ್ನು ಹಾಜರಿ ಪುಸ್ತಕದೊಡನೆ ತಾಳೆ ಮಾಡಿಸಿ.

ನಗರಸಭೆಯ ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹಾ ಸಭೆ ಎಂದು ಒಂದು ಕರೆಯುವರು. ಬಂದವರೆಲ್ಲ ದೊಡ್ಡ ಕಂತ್ರಾಟುದಾರರೇ ಆಗಿರುವರು. ಈ ಸಲ ನಾವು ಹೋಗೋಣ. ಮಿಲ್ಲಿನ ರಸ್ತೆಗೆ ಪಾಳಿ ಬಿಡುವ ಹೊತ್ತಿನಲ್ಲಿ ಉರಿಯುವ ದೀಪ, ಡಾಂಬರಿನ ಅಂಚಿನಿಂದ ಜಲ್ಲಿ ತೆಗೆಸಿ ಸಮ ಮಾಡಿದ ಒಂದು ಮಾರು ಅಗಲದ ದಾರಿ, ಮಾರುಕಟ್ಟೆಯಲ್ಲೂ ಬಸ್ ನಿಲ್ದಾಣದಲ್ಲೂ ನೆರಳಿರುವ ಸೈಕಲ್ ಸ್ಟ್ಯಾಂಡು, ನಿಂತ ಕಾರಿಗೆ ನೆಲಬಾಡಿಗೆ. ಇವಕ್ಕೆ ಎಷ್ಟು ಹಣವಿಟ್ಟಿರಿ ಎಂದು ಪುಟ ತೋರಿಸಿ ಕೇಳೋಣ. ಬರುವವರು ಸೈಕಲ್ಲಿನಲ್ಲೇ ಬರಲಿ, ನಗರಸಭೆಯ ಅಂಗಳದಲ್ಲಿ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಗೇಟಿನ ಕಾವಲಿನವನನ್ನು ಮೊದಲು ಕೇಳಿ ಒಳಗೆ ಬರಲಿ.