ಮೊದಲು ಬೀಳಲಿ ಬಿಡಿ

"ಏನ್ ಸರ್, ಮೂರು ತಿಂಗಳಾತು, ಬರೇ ಬೀಳೂದ ಕಲಿಸಾಕತ್ತೀರಿ. ಬೆಲ್ಟ್ ಯಾವಾಗ?"

ಕಳೆದ ಭಾನುವಾರ ಪುಣೆಯ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಹುಬ್ಬಳ್ಳಿ ಕಡೆಯ ಅಪ್ಪನೊಬ್ಬರು ಹೀಗೆ ಕೇಳಿದರು. ವಾರದ ಐದು ದಿನ ಕ್ಲೈಂಟ್‌ಗಳು ಇದೇ ದನಿಯಲ್ಲಿ ರಿಲೀಸ್ ತಾರೀಖು ಕೇಳುತ್ತಾರೆ. ಅವರಿಗೆ ಏನೋ ಒಂದು ಹೇಳಿಬಿಡುತ್ತೇನೆ, ಅದು ಹೊಟ್ಟೆಪಾಡು. ಜೂಡೋ ಮ್ಯಾಟಿನ ಮೇಲೆ ಮಾತ್ರ ಹೇಳಲಾರೆ.

ಯಾಕೆಂದರೆ ಒಮ್ಮೆ ಹೇಳಿದ್ದೆ. ನಾಲ್ಕು ವರ್ಷಗಳ ಹಿಂದೆ, ಪೋಷಕರ ಒತ್ತಾಯಕ್ಕೆ ಬಗ್ಗಿ, ಉಕೆಮಿ (ಬೀಳುವ ವಿದ್ಯೆ) ಇನ್ನೂ ಮೈಗೆ ಹತ್ತದ ಹನ್ನೊಂದು ವರ್ಷದ ಹುಡುಗನನ್ನು ಟೂರ್ನಮೆಂಟಿಗೆ ಇಳಿಸಿದೆ. ಎದುರಾಳಿ ಎತ್ತಿದಾಗ ಗಾಬರಿಯಲ್ಲಿ ಕೈ ಚಾಚಿ ನೆಲಕ್ಕೆ ಊರಿದ. ಕಾಲರ್ ಬೋನ್ ಮುರಿಯಿತು. ಮೂಳೆ ಕೂಡಿಕೊಂಡಿತು, ಹುಡುಗ ಮರಳಿ ಬರಲಿಲ್ಲ. ಅವನ ತಾಯಿ ಲಿಫ್ಟಿನಲ್ಲಿ ಸಿಕ್ಕರೆ ಈಗಲೂ ನಾನು ಫೋನು ನೋಡುತ್ತ ನಿಲ್ಲುತ್ತೇನೆ.

ಇದು ನನ್ನೊಬ್ಬನ ಅಂಜಿಕೆಯಲ್ಲ. ಜಪಾನಿನಲ್ಲೇ 1983ರಿಂದ ಮುಂದಿನ ಮೂರು ದಶಕಗಳಲ್ಲಿ ಶಾಲಾ ಜೂಡೋದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಬಹಳಷ್ಟು ಸಾವುಗಳು ತಲೆಗೆ ಬಿದ್ದ ಪೆಟ್ಟಿನಿಂದ, ಅದೂ ಹೊಸದಾಗಿ ಸೇರಿದವರದು. 2022ರಲ್ಲಿ ಅಲ್ಲಿನ ಒಕ್ಕೂಟ ಗೆಲುವಿನ ಹುಚ್ಚು ಅತಿಯಾಯಿತೆಂದು ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರಮಟ್ಟದ ವೈಯಕ್ತಿಕ ಸ್ಪರ್ಧೆಯನ್ನೇ ರದ್ದುಮಾಡಿತು. ಜೂಡೋ ಹುಟ್ಟಿದ ನಾಡೇ ಹಾಗೆ ಹಿಂದೆ ಸರಿದಿರುವಾಗ ನಮಗೆ ಯಾಕಿಷ್ಟು ಅವಸರ? ಇಲ್ಲಿ ಮೂರು ತಿಂಗಳಿಗೊಂದು ಬೆಲ್ಟು, ಬೆಲ್ಟಿಗೊಂದು ಫೀಸು, ಫೀಸಿಗೊಂದು ಸರ್ಟಿಫಿಕೇಟು! 1882ರಲ್ಲಿ ಟೋಕಿಯೊದ ಬೌದ್ಧ ಮಂದಿರವೊಂದರಲ್ಲಿ ಹನ್ನೆರಡು ಚಾಪೆಯ ಜಾಗದಲ್ಲಿ ಜೂಡೋ ಶುರುಮಾಡಿದ ಕಾನೊ ಜಿಗೊರೊ ವೃತ್ತಿಯಿಂದ ಮೇಷ್ಟ್ರು. ಈ ಹಳದಿ, ಕಿತ್ತಳೆ, ಹಸಿರು ಅವರದ್ದಲ್ಲ, ಆಮೇಲೆ ಯುರೋಪಿನಲ್ಲಿ ಸೇರಿಕೊಂಡದ್ದು.

ಸ್ಪರ್ಧೆ ಬೇಡವೇ ಎಂದು ಕೇಳುವಿರಿ. ಬೇಕು. ಟೋಕಿಯೊ ಒಲಿಂಪಿಕ್ಸಿಗೆ ನಮ್ಮಿಂದ ಹೋದದ್ದು ಸುಶೀಲಾ ದೇವಿ ಒಬ್ಬರೇ, ಪ್ಯಾರಿಸ್‌ಗೆ ತೂಲಿಕಾ ಮಾನ್ ಒಬ್ಬರೇ. ಇಷ್ಟು ದೊಡ್ಡ ದೇಶಕ್ಕೆ ಇದು ಸಾಲದು. ಆದರೆ 2022ರಲ್ಲಿ ಕೆಡೆಟ್ ವಿಶ್ವ ಚಾಂಪಿಯನ್ ಆದ ಲಿಂಥೋಯ್ ಚನಂಬಮ್‌ಳನ್ನು ನೋಡಿ. ಮಣಿಪುರದ ಹುಡುಗಿ, ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಬಂದು, ಜಾರ್ಜಿಯಾದ ಕೋಚ್ ಕೈಕೆಳಗೆ ವರ್ಷಗಟ್ಟಲೆ ಪಳಗಿದವಳು. ವೀಕೆಂಡ್ ಬ್ಯಾಚಿನ ಫಲವಲ್ಲ ಅದು. ಹತ್ತು ಮಕ್ಕಳು ಹತ್ತು ವರ್ಷ ಉಳಿದರೆ ಆಟ ಬೆಳೆಯುತ್ತದೆ. ನೂರು ಮಕ್ಕಳು ಹಳದಿ ಬೆಲ್ಟು ಕಟ್ಟಿಕೊಂಡು, ಫೋಟೋ ತೆಗೆಸಿಕೊಂಡು ಹೋದರೆ ಬೆಳೆಯುವವನು ಬೆಲ್ಟು ಮಾರುವವನು.

ಹುಬ್ಬಳ್ಳಿಯವರು ಮಗನನ್ನು ಬೇರೆ ಕ್ಲಾಸಿಗೆ ಸೇರಿಸುವ ಮಾತಾಡುತ್ತಿದ್ದಾರೆ. ಸೇರಿಸಲಿ. ಫೀಸು ಕಟ್ಟುವ ಮೊದಲು ಅಲ್ಲಿನ ಕೋಚನ್ನು ಒಂದೇ ಮಾತು ಕೇಳಲಿ: ತಲೆ ನೆಲಕ್ಕೆ ತಾಗದಂತೆ ಹಿಂದಕ್ಕೆ ಬೀಳುವುದನ್ನು ಎಷ್ಟು ದಿನ ಕಲಿಸುತ್ತೀರಿ?

ಇಪ್ಪತ್ತೆರಡು ಮಕ್ಕಳಿದ್ದ ನನ್ನ ಬ್ಯಾಚಿನಲ್ಲಿ ಈಗ ಒಂಬತ್ತು ಉಳಿದಿವೆ. ಈ ಭಾನುವಾರವೂ ಬೆಳಿಗ್ಗೆ ಏಳಕ್ಕೆ ಗದ್ದ ಎದೆಗೆ ಒತ್ತಿಕೊಂಡು, ಮ್ಯಾಟಿಗೆ ಕೈ ಬಡಿಯುತ್ತ, ಬೀಳುತ್ತವೆ.