ವಂಶವಾಹಿಯಲ್ಲಿ ಹೆಣ್ಣಿನ ನೆಲೆ

‘ಜೀನ್’ ಎಂಬುದಕ್ಕೆ ಕನ್ನಡದ ವಿಜ್ಞಾನ ಬರವಣಿಗೆಯು ‘ವಂಶವಾಹಿ’ ಎಂಬ ಪದವನ್ನು ರೂಢಿಸಿಕೊಂಡಿದೆ. ಪದ ಅರ್ಥವತ್ತಾದುದೇ, ಆದರೆ ಅದರೊಳಗಿನ ‘ವಂಶ’ ನಿರುಪದ್ರವಿಯಲ್ಲ. ಗಂಡುಮಗುವನ್ನೇ ವಂಶೋದ್ಧಾರಕನೆಂದು ಕರೆಯುವ ಭಾಷೆಯಲ್ಲಿ ವಂಶವೆಂದರೆ ತಂದೆಯಿಂದ ಮಗನಿಗೆ ಸಾಗುವ ಎಳೆ. ಜೀವವಿಜ್ಞಾನ ಹೇಳುವುದು ಬೇರೆ. ತಂದೆಯ ಎಕ್ಸ್ ವರ್ಣತಂತು ಮಗಳಿಗೆ ಮಾತ್ರ ಸಲ್ಲುತ್ತದೆ. ಮಗನ ಎಕ್ಸ್ ತಾಯಿಯದು. ಮೈಟೊಕಾಂಡ್ರಿಯದ ಡಿಎನ್‌ಎ ಮಕ್ಕಳೆಲ್ಲರಿಗೂ ತಾಯಿಯಿಂದಲೇ ಬರುವಂಥದು. ನಮ್ಮ ಕೆರೆಕಟ್ಟೆಯಿಂದ ಘಟ್ಟವಿಳಿದರೆ ಸಿಗುವ ಕಾರ್ಕಳ ಸೀಮೆಯಲ್ಲಿ, ‘ಬಳಿ’ಯನ್ನು ತಾಯಿಯ ಕಡೆಯಿಂದ ಎಣಿಸುವ ಅಳಿಯಸಂತಾನದ ಹಿನ್ನೆಲೆಯ ಕುಟುಂಬಗಳಿಗೆ ಈ ಕೊನೆಯ ಮಾತು ಅಷ್ಟೇನೂ ಹೊಸದೆನಿಸಲಾರದು.

ವಿಜ್ಞಾನವೂ ತನ್ನ ಈ ತಿಳಿವಿಗೆ ತಕ್ಕಂತೆ ನಡೆದುಕೊಂಡಿಲ್ಲ. ರೋಗಗಳ ಮೂಲವನ್ನರಸಿ ಇಡೀ ಜೀನೋಮನ್ನು ಜಾಲಾಡುವ ಅಧ್ಯಯನಗಳಲ್ಲಿ ಎಕ್ಸ್ ವರ್ಣತಂತುವನ್ನು ಒಳಗೊಂಡವು ಸುಮಾರು ಮೂರನೆಯ ಒಂದು ಭಾಗವಷ್ಟೇ ಎಂಬುದು 2013ರ ಸಮೀಕ್ಷೆಯೊಂದರಿಂದ ತಿಳಿದುಬಂದಿತು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು; ಹೆಣ್ಣಿನ ಜೀವಕೋಶಗಳಲ್ಲಿ ಒಂದು ಎಕ್ಸ್ ಬಹುಮಟ್ಟಿಗೆ ನಿಷ್ಕ್ರಿಯವಾಗಿರುತ್ತದೆಂಬುದನ್ನು ಮೇರಿ ಲಯನ್ 1961ರಲ್ಲಿಯೇ ಸೂಚಿಸಿದ್ದರು. ಇದರಿಂದ ಲೆಕ್ಕಾಚಾರ ತೊಡಕಾಗುತ್ತದೆ, ನಿಜ. ಪಾಠಾಂತರಗಳು ಹೆಚ್ಚೆಂದು ಓಲೆಪ್ರತಿಯೊಂದನ್ನೇ ಪಕ್ಕಕ್ಕಿಡುವ ಗ್ರಂಥಸಂಪಾದಕನನ್ನು ನಾವು ಒಪ್ಪುವೆವೆ?

ಮಲೆನಾಡಿನ ಹಂದಿಗೋಡು ಕಾಯಿಲೆಯನ್ನು ಇಲ್ಲಿ ನೆನೆಯಬೇಕು. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದು, ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲಿಯೂ ಕಂಡುಬಂದ, ಬಡ ದಲಿತ ಕೂಲಿಕಾರರ ಸೊಂಟ, ಮಂಡಿಗಳನ್ನು ಹಿಡಿದ ಈ ಅನುವಂಶೀಯ ರೋಗವು ಲಿಂಗ ವರ್ಣತಂತುವಿಗೆ ಸೇರಿದುದಲ್ಲ. ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಗಂಡಿಗೂ ಹೆಣ್ಣಿಗೂ ತಗಲುತ್ತದೆ. ಅಷ್ಟಕ್ಕೇ ಲಿಂಗಭೇದದ ಪ್ರಶ್ನೆ ಮುಗಿಯಿತೆಂದು ತಿಳಿಯುವುದು ಅವಸರದ ಮಾತು. ಸೊಂಟದ ಕೀಲು ಸವೆದ ಹೆಂಗಸಿನ ಬಸಿರು, ಹೆರಿಗೆ, ಗದ್ದೆಯಲ್ಲಿ ದಿನವಿಡೀ ಬಗ್ಗಿ ಮಾಡುವ ನಾಟಿ ಎಲ್ಲವೂ ಆ ಕೀಲಿನ ಮೇಲೆಯೇ ನಡೆಯಬೇಕು. ತಳಿವಿಜ್ಞಾನಿಯ ವಂಶವೃಕ್ಷದಲ್ಲಿ ಗಂಡಸು ಒಂದು ಚೌಕ, ಆಕೆ ಒಂದು ವೃತ್ತ. ಅದರಾಚೆಗಿನ ವ್ಯತ್ಯಾಸವನ್ನು ಆಕೆಯನ್ನೇ ಕೇಳಿ ಬರೆದುಕೊಳ್ಳಬೇಕು.

ಆದ್ದರಿಂದಲೇ ಇದು ಕನ್ನಡ ವಿಭಾಗಗಳಿಗೆ ಹೊರಗಿನ ವಿಷಯವೆಂದು ನನಗನ್ನಿಸುವುದಿಲ್ಲ. ವಂಶಾವಳಿ ಸಂಗ್ರಹಿಸುವುದು ನಮ್ಮ ಕ್ಷೇತ್ರಕಾರ್ಯದ ಮೊದಲ ಪಾಠಗಳಲ್ಲೊಂದು. ಎಂ.ಎ. ವ್ಯಾಸಂಗದ ದಿನಗಳಲ್ಲಿ ನಾನು ಬರೆದುಕೊಂಡ ವಂಶಾವಳಿಗಳನ್ನು ಈಚೆಗೆ ತೆಗೆದು ನೋಡಿದೆ. ಗಂಡುಮಕ್ಕಳ ಹೆಸರುಗಳು ನಾಲ್ಕು ತಲೆಮಾರಿನವರೆಗೆ ಇವೆ; ಹೆಣ್ಣುಮಕ್ಕಳ ಮುಂದೆ ‘ಹೊರಗೆ ಕೊಟ್ಟಿದೆ’ ಎಂದಷ್ಟೇ ಇದೆ. ಬರೆದವನು ನಾನೇ. ಅವರನ್ನು ಕೊಟ್ಟ ಮನೆಗಳ ವಿಳಾಸಗಳನ್ನು ಈಗ ಹುಡುಕುತ್ತಿದ್ದೇನೆ.